ನಿಮಗಿದು ಗೊತ್ತೆ? ವೀಕ್ಷಣಾಲಯಕ್ಕೆ ಬೆಟ್ಟವೊಂದೇ ಸಾಲದು

ಶಿವಮೊಗ್ಗ, ಭದ್ರಾವತಿಯ ಆಕಾಶದಲ್ಲಿ ನಕ್ಷತ್ರ ಮಿನುಗುವಂತೆ ಕಾಣಲು ನಮ್ಮ ವಾತಾವರಣವೇ ಕಾರಣ. ಬಿಸಿ ಗಾಳಿ, ತಂಪು ಗಾಳಿ ಬೆರೆತು ಕದಡಿದಾಗ ನಕ್ಷತ್ರದ ಬೆಳಕು ಕ್ಷಣಕ್ಷಣವೂ ಅತ್ತಿತ್ತ ಬಾಗುತ್ತದೆ. ನೆತ್ತಿಯ ಮೇಲಿನ ನಕ್ಷತ್ರಕ್ಕಿಂತ ದಿಗಂತದ ಬಳಿಯದು ಹೆಚ್ಚು ಮಿನುಗುವುದೇ ಇದಕ್ಕೆ ಸಾಕ್ಷಿ. ಅದರ ಬೆಳಕು ಹೆಚ್ಚು ಗಾಳಿಯನ್ನು ದಾಟಿ ಬರಬೇಕು. ಗಾಳಿ ಕದಡಿದ್ದರೆ ಎಷ್ಟು ದೊಡ್ಡ ದೂರದರ್ಶಕದಲ್ಲೂ ಚಿತ್ರ ಮಸುಕು. ಆದ್ದರಿಂದ ವೀಕ್ಷಣಾಲಯಕ್ಕೆ ಕನ್ನಡಿಯ ಅಳತೆಯಷ್ಟೇ ಜಾಗದ ಗಾಳಿಯೂ ಮುಖ್ಯ.

ಹಾಗಾದರೆ 1,343 ಮೀಟರ್ ಎತ್ತರದ ನಮ್ಮ ಕೊಡಚಾದ್ರಿ ಸಾಲದೆ ಎಂದು ಕೇಳಬಹುದು. ಎತ್ತರಕ್ಕೆ ಹೋದಷ್ಟೂ ತಲೆಯ ಮೇಲಿನ ಗಾಳಿ ಕಡಿಮೆಯಾಗುವುದು ನಿಜ. ಆದರೆ ಅರಬ್ಬೀ ಸಮುದ್ರದ ತೇವಗಾಳಿಗೆ ಎದೆಯೊಡ್ಡಿ ನಿಂತ ಪಶ್ಚಿಮಘಟ್ಟದಲ್ಲಿ ಮಳೆಗಾಲದ ತಿಂಗಳುಗಳೆಲ್ಲ ಮೋಡದ ಪಾಲು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತನ್ನ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದ ಒಣ ಶೀತ ಮರುಭೂಮಿಯಲ್ಲಿ ಸ್ಥಾಪಿಸಿದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಹೊಸಕೋಟೆಯಿಂದ. ಕ್ಷಣಕ್ಷಣಕ್ಕೂ ಆಕಾರ ಬದಲಿಸಿ ಕದಡನ್ನು ಸರಿಪಡಿಸುವ ಕನ್ನಡಿಗಳು ಈಗ ಇವೆಯಲ್ಲ ಎಂಬ ವಾದವೂ ಪೂರ್ತಿ ನಿಲ್ಲದು. ಅವು ಸಾಮಾನ್ಯವಾಗಿ ಆಕಾಶದ ಸಣ್ಣ ಭಾಗವನ್ನಷ್ಟೇ ಸ್ಪಷ್ಟಗೊಳಿಸುತ್ತವೆ, ಮೋಡವನ್ನಂತೂ ಸರಿಸಲಾರವು. ಹಾಗೆಂದು ಮಲೆನಾಡಿನವರು ನಿರಾಶರಾಗಬೇಕಿಲ್ಲ. ಚಳಿಗಾಲದ ಶುಭ್ರ ರಾತ್ರಿಯಲ್ಲಿ, ಹಗಲಿಡೀ ಕಾದ ತಾರಸಿಯನ್ನು ಬಿಟ್ಟು ಹುಲ್ಲಿನ ಬಯಲಿನಲ್ಲಿ ದೂರದರ್ಶಕ ಇಡಿ. ಅದು ಹೊರಗಿನ ತಂಪಿಗೆ ಹೊಂದಿಕೊಂಡ ಮೇಲೆ ನೆತ್ತಿಯ ಕಡೆಗೆ ತಿರುಗಿಸಿ ನೋಡಿ.