ಪ್ರಾಮಾಣಿಕ ಅಧಿಕಾರಿ ಮತ್ತು ಬರೆಯದ ದೂರು

ನಮ್ಮ ಸಿನಿಮಾಗಳಲ್ಲಿ ಪ್ರಾಮಾಣಿಕ ಪೊಲೀಸ್ ಅಧಿಕಾರಿಗೆ ಒಂದು ಸಿದ್ಧ ಆಕೃತಿಯಿದೆ. ‘ಅಂತ’ದ (1981) ಅಂಬರೀಶ್ ಇರಲಿ, ‘ಸಾಂಗ್ಲಿಯಾನ’ದ (1988) ಶಂಕರ್‌ನಾಗ್ ಇರಲಿ, ಕೆಟ್ಟುಹೋದ ವ್ಯವಸ್ಥೆಯ ನಡುವೆ ಒಬ್ಬ ಗಟ್ಟಿ ಗಂಡಸು. ಇಲ್ಲಿ ಭ್ರಷ್ಟಾಚಾರ ಅಂದರೆ ಲಂಚ, ಕಳ್ಳದಂಧೆ, ಖದೀಮರ ಜೊತೆ ಶಾಮೀಲು. ಅಧಿಕಾರಿಯ ಜಾತಿ ಯಾವುದು, ಠಾಣೆಯ ಬಾಗಿಲಲ್ಲಿ ಕೈಕಟ್ಟಿ ನಿಂತವನ ಜಾತಿ ಯಾವುದು ಅನ್ನೋ ಪ್ರಶ್ನೆ ಏಳುವುದೇ ಇಲ್ಲ. ಆದರೆ ಕೇರಿಯಿಂದ ಠಾಣೆಗೆ ಹೋಗಿಬಂದವರಿಗೆ ಗೊತ್ತಿರುವ ಭ್ರಷ್ಟಾಚಾರವೇ ಬೇರೆ. ಅಲ್ಲಿ ದುಡ್ಡಿನ ಮಾತೇ ಬರಬೇಕಿಲ್ಲ, ರೈಟರ್ ಪೆನ್ನು ಎತ್ತದಿದ್ದರೆ ಸಾಕು. ‘ನಾಳೆ ಬಾ ಹೋಗು’, ‘ಊರವರ ಹತ್ರ ರಾಜಿ ಮಾಡ್ಕೊ, ನಾಳೆ ನೀನು ಅಲ್ಲೇ ಬದುಕಬೇಕಲ್ಲ.’ ಜನ್ಮದಲ್ಲಿ ಒಂದು ರೂಪಾಯಿ ಲಂಚ ಮುಟ್ಟದ ಸಬ್ ಇನ್‌ಸ್ಪೆಕ್ಟರ್ ಕೂಡ ಇದನ್ನು ಮಾಡಬಲ್ಲ, ಮಾಡಿ ಮನೆಗೆ ಹೋಗಿ ನೆಮ್ಮದಿಯಾಗಿ ಉಣ್ಣಬಲ್ಲ.

ಈ ಎರಡನೆಯ ಭ್ರಷ್ಟಾಚಾರವನ್ನು ತೆರೆಯ ಮೇಲೆ ತರಲು ಹೊರಟ ಚಿತ್ರ ಅನುಭವ್ ಸಿನ್ಹಾರ ಹಿಂದಿಯ ‘ಆರ್ಟಿಕಲ್ 15’ (2019). ಹೆಸರು ಸಂವಿಧಾನದ 15ನೇ ವಿಧಿಯದು. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಜಾಗ ಇವುಗಳ ಆಧಾರದ ಮೇಲೆ ಪ್ರಭುತ್ವ ಭೇದ ಮಾಡಕೂಡದು ಎನ್ನುವ ವಿಧಿ. ಉತ್ತರಪ್ರದೇಶದ ಲಾಲ್‌ಗಾಂವ್ ಎಂಬ ಕಲ್ಪಿತ ಊರಿಗೆ ಅಯಾನ್ ರಂಜನ್ ಎಂಬ ಐಪಿಎಸ್ ಅಧಿಕಾರಿ ಬರುತ್ತಾನೆ. ಇಬ್ಬರು ಹುಡುಗಿಯರ ಹೆಣ ಮರದಲ್ಲಿ ನೇತಾಡುತ್ತವೆ, ಮೂರನೆಯವಳು ನಾಪತ್ತೆ. ಈ ದೃಶ್ಯ 2014ರ ಬದಾಯೂಂ ಪ್ರಕರಣವನ್ನು ನೆನಪಿಸುತ್ತದೆ. ಬದಾಯೂಂನ ಹುಡುಗಿಯರು ದಲಿತರಲ್ಲ, ಹಿಂದುಳಿದ ಜಾತಿಯವರು. ಅದು ಆತ್ಮಹತ್ಯೆಯೆಂದು ಸಿಬಿಐ ಹೇಳಿತು. ಸಿನಿಮಾದ ಹುಡುಗಿಯರು ಪಾಸಿಗಳು. ಎರಡನ್ನೂ ಒಂದೇ ಎಂದು ಭಾಷಣಗಳಲ್ಲಿ ಹೇಳುವುದನ್ನು ಕೇಳಿದ್ದೇನೆ, ಹಾಗೆ ಹೇಳಬಾರದು.

ಚಿತ್ರದ ಶಕ್ತಿ ಸಣ್ಣ ಸಂಗತಿಗಳಲ್ಲಿದೆ. ಅಯಾನ್ ದಾರಿಯಲ್ಲಿ ಒಂದು ಬಾಟಲಿ ನೀರು ಕೇಳಿದರೆ ಜೊತೆಯವರು ಹಿಂಜರಿಯುತ್ತಾರೆ, ಏಕೆಂದರೆ ಅದು ಪಾಸಿಗಳ ಊರು. ಹುಡುಗಿಯರು ಕೇಳಿದ್ದು ದಿನಗೂಲಿಯಲ್ಲಿ ಮೂರು ರೂಪಾಯಿ ಹೆಚ್ಚಿಗೆ. ಬ್ರಹ್ಮದತ್ತನೆಂಬ ಪೊಲೀಸ್ ಅಧಿಕಾರಿ ಬೀದಿನಾಯಿಗಳಿಗೆ ಅಕ್ಕರೆಯಿಂದ ತಿನ್ನಿಸುತ್ತಾನೆ. ಆ ಹುಡುಗಿಯರನ್ನು ಕೆಡಿಸಿದವರಲ್ಲಿ ಅವನೂ ಒಬ್ಬ. ಇನ್ನು ಅಧಿಕಾರಿ ತನ್ನ ಸಿಬ್ಬಂದಿಯನ್ನು ಸುತ್ತ ನಿಲ್ಲಿಸಿಕೊಂಡು ಜಾತಿ ಕೇಳುವ ದೃಶ್ಯವಿದೆ. ಜಾಟವ್ ಎಂಬ ಪೊಲೀಸಿನವ ತಾನು ಚಮಾರ, ಪಾಸಿಗಳು ತನಗಿಂತ ಕೆಳಗಿನವರು ಎಂದು ಬಿಡಿಸಿ ಹೇಳುತ್ತಾನೆ. ಇದನ್ನು ನೋಡಿ ನಕ್ಕು ಎದ್ದುಹೋಗುವಂತಿಲ್ಲ. ಎಡಗೈ ಬಲಗೈ ಎಂದು ಹೊಸ್ತಿಲು ಬೇರೆ ಮಾಡಿಕೊಂಡ ನಮಗೂ ಅದು ತಾಗುತ್ತದೆ.

ಇಷ್ಟೆಲ್ಲ ಕಂಡ ಸಿನಿಮಾ ಎಡವುವುದು ನ್ಯಾಯದ ಬೀಗದ ಕೈಯನ್ನು ಯಾರ ಹತ್ತಿರ ಕೊಡಬೇಕು ಅನ್ನುವಲ್ಲಿ. ಅಯಾನ್ ಬ್ರಾಹ್ಮಣ, ವಿದೇಶದಲ್ಲಿ ಓದಿಬಂದವನು, ಜಾತಿಯನ್ನು ಮೊದಲ ಸಲ ನೋಡುತ್ತಿರುವವನು. ಅವನ ಬೆರಗಿನ ಕಣ್ಣಿನಿಂದಲೇ ನಾವೂ ನೋಡಬೇಕು. ದಲಿತ ನಾಯಕ ನಿಶಾದ್ ಪೊಲೀಸರ ಗುಂಡಿಗೆ ಸಾಯುತ್ತಾನೆ. ನಾಪತ್ತೆಯಾದ ಪೂಜಾಳ ಅಕ್ಕ ಗೌರಾ ಮೊದಲಿಂದಲೂ ಕಾಡಿಬೇಡಿದವಳು, ಆದರೆ ತನಿಖೆ ಮುಂದುವರಿದ ಹಾಗೆ ಅವಳು ಹಿಂದಕ್ಕೆ ಸರಿಯುತ್ತಾಳೆ. ‘ಮೇಲುಜಾತಿಯ ಉದ್ಧಾರಕ’ ಎಂದು ಬೈದು ಕೈತೊಳೆದುಕೊಳ್ಳುವುದು ಸುಲಭ, ನನಗೆ ಅದಷ್ಟೇ ಸಾಲದು. ನನ್ನ ತಕರಾರು ಬೇರೆ. ಈ ಕಥನದಲ್ಲಿ ದೂರು ಬರೆದುಕೊಳ್ಳುವುದು ಒಳ್ಳೆಯ ಅಧಿಕಾರಿಯ ಗುಣವಾಗಿಬಿಡುತ್ತದೆ, ದೊಡ್ಡವರು ಕೊಡುವ ದಾನದ ಹಾಗೆ. ಅವನಿಗೆ ವರ್ಗವಾದರೆ?

ಕಾನೂನು ಇಷ್ಟು ಭೋಳೆಯಾಗಿಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಂ ಒಳ್ಳೆಯ ಅಧಿಕಾರಿಯನ್ನು ಕಾಯುತ್ತಾ ಕೂರುವುದಿಲ್ಲ, ಕೆಲಸ ಮಾಡದವನನ್ನೇ ಅಪರಾಧಿ ಅನ್ನುತ್ತದೆ. ಉದ್ದೇಶಪೂರ್ವಕವಾಗಿ ಕರ್ತವ್ಯ ಮರೆತ ಸರ್ಕಾರಿ ನೌಕರನಿಗೆ ಆರು ತಿಂಗಳಿಂದ ಒಂದು ವರ್ಷ ಜೈಲು. 2015ರ ತಿದ್ದುಪಡಿ ಆ ಕರ್ತವ್ಯಗಳನ್ನು ಬಿಡಿಬಿಡಿಯಾಗಿ ಹೇಳಿತು: ಬಾಯಲ್ಲಿ ಹೇಳಿದ ದೂರನ್ನು ಬರೆದುಕೊಂಡು, ಸಹಿ ಹಾಕಿಸುವ ಮೊದಲು ಓದಿ ಹೇಳಬೇಕು, ಎಫ್‌ಐಆರ್ ಹಾಕಬೇಕು, ನಕಲನ್ನು ಕೂಡಲೇ ಕೊಡಬೇಕು, ಅರವತ್ತು ದಿನದೊಳಗೆ ಚಾರ್ಜ್‌ಶೀಟ್ ಹಾಕಬೇಕು. ತನಿಖೆ ಡಿವೈಎಸ್ಪಿಗಿಂತ ಕೆಳಗಿನವರ ಕೈಗೆ ಹೋಗಕೂಡದೆಂದು 1995ರ ನಿಯಮಗಳಲ್ಲೇ ಇದೆ. ತೂತೂ ಇದೆ. ತಪ್ಪಿದ ಅಧಿಕಾರಿಯ ಮೇಲೆ ಆರೋಪ ಹೊರಿಸಲು ಆಡಳಿತಾತ್ಮಕ ವಿಚಾರಣೆಯ ಶಿಫಾರಸು ಬೇಕು, ಅಂದರೆ ಅವರವರೇ ಕೂತು ವಿಚಾರಿಸಬೇಕು. ಮತ್ತೆ ಈ ಕಲಂ ಪರಿಶಿಷ್ಟ ಜಾತಿ, ಪಂಗಡದ ನೌಕರನಿಗೆ ಅನ್ವಯಿಸುವುದಿಲ್ಲ. ದೂರು ಬರೆಯದವನು ಜಾಟವ್ ಆಗಿದ್ದರೆ ಅವನು ಇದರಿಂದ ಪಾರು.

ಪೊಲೀಸ್ ನಾಯಕನ ಸಿನಿಮಾಕ್ಕೂ ದೌರ್ಜನ್ಯಕ್ಕೂ ನಮ್ಮ ನಾಡಿನಲ್ಲೇ ಒಂದು ಕ್ರೂರ ನಂಟಿದೆ. 2014ರ ಆಗಸ್ಟ್ 28ರಂದು ಪುನೀತ್ ರಾಜ್‌ಕುಮಾರ್ ಪೊಲೀಸ್ ಅಧಿಕಾರಿಯಾಗಿದ್ದ ‘ಪವರ್’ ಬಿಡುಗಡೆಯಾಯಿತು. ಗಂಗಾವತಿಯ ಟಾಕೀಸಿನಲ್ಲಿ ಆ ಸಿನಿಮಾದ ಹೊತ್ತಿಗೆ ಆದ ಜಗಳವೊಂದು ಮರಕುಂಬಿಗೆ ಬಂತು. ಕ್ಷೌರದಂಗಡಿ, ಹೋಟೆಲುಗಳಿಗೆ ದಲಿತರನ್ನು ಬಿಡದ ಊರು ಅದು, ಅಲ್ಲಿ ಸಿಟ್ಟು ಮೊದಲೇ ಕಾದಿತ್ತು. ಗುಂಪು ಮಾದಿಗರ ಕೇರಿಗೆ ನುಗ್ಗಿ ಹೊಡೆದು ಗುಡಿಸಲುಗಳಿಗೆ ಬೆಂಕಿ ಹಚ್ಚಿತು. ತೆರೆಯ ಮೇಲೆ ಪ್ರಾಮಾಣಿಕ ಪೊಲೀಸು ದುಷ್ಟರನ್ನು ಬಡಿಯುತ್ತಿದ್ದ ದಿನವೇ ಇದಾದದ್ದು.

ಇಂಥ ಪ್ರಕರಣ ಏನಾಗುತ್ತದೆ ಎಂದು ನಮಗೆ ಗೊತ್ತಿತ್ತು. 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಎಲ್ಲರೂ ಖುಲಾಸೆ. ಹೈಕೋರ್ಟೂ 2014ರಲ್ಲಿ ಅದನ್ನೇ ಎತ್ತಿಹಿಡಿಯಿತು. ಮರಕುಂಬಿ ಹಾಗಾಗಲಿಲ್ಲ. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಇನ್ನು ಮೂವರಿಗೆ ಐದು ವರ್ಷ, ಅವರೇ ಪರಿಶಿಷ್ಟರಾದ್ದರಿಂದ ಕಾಯ್ದೆ ಅವರಿಗೆ ತಗುಲಲಿಲ್ಲ. ಜಾಟವ್‌ನ ಮಾತು ಇಲ್ಲಿ ಮತ್ತೆ ನೆನಪಾಗುತ್ತದೆ. ಹತ್ತು ವರ್ಷ ಈ ಮೊಕದ್ದಮೆಯನ್ನು ಹೊತ್ತು ನಡೆದದ್ದು ಕೇರಿಯ ಸಾಕ್ಷಿಗಳು ಮತ್ತು ಬೀದಿಗಿಳಿದ ಹೋರಾಟಗಾರರು. ಅಯಾನ್ ರಂಜನ್ ಥರದವನೊಬ್ಬ ಬಂದು ಗೆಲ್ಲಿಸಿದ ಕೇಸಲ್ಲ ಅದು.

ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ 97 ಮಂದಿಗೆ ಜಾಮೀನು ಕೊಟ್ಟಿತು. ಸಾಕ್ಷಿ ಹೇಳಿದವರೂ ಜಾಮೀನು ಸಿಕ್ಕವರೂ ಒಂದೇ ಊರಿನವರು. ಇಲ್ಲಿ ಬೇಕಾದ್ದು ಅದೇ ಕಾಯ್ದೆಯ 15ಎ ಕಲಂ, ಸಿನಿಮಾದ ಹೆಸರಿನ ಪಕ್ಕದ್ದೇ ಸಂಖ್ಯೆ. ಸಂತ್ರಸ್ತರಿಗೆ, ಸಾಕ್ಷಿಗಳಿಗೆ ರಕ್ಷಣೆ ಕೊಡುವುದು ಸರ್ಕಾರದ ಕರ್ತವ್ಯ, ಜಾಮೀನಿನ ವಿಚಾರಣೆಗೆ ಮೊದಲು ಸಂತ್ರಸ್ತರಿಗೆ ತಿಳಿಸಬೇಕು, ಅವರು ಮಾತಾಡುವುದನ್ನು ನ್ಯಾಯಾಲಯ ಕೇಳಬೇಕು ಎಂದು ಅದರಲ್ಲಿದೆ. ಠಾಣೆಗೆ ಹೋಗುವಾಗ 4ನೇ ಕಲಮಿನ ಪ್ರತಿ, ಕೋರ್ಟಿಗೆ ಹೋಗುವಾಗ 15ಎ ಪ್ರತಿ, ಎರಡನ್ನೂ ಕನ್ನಡದಲ್ಲಿ ಜೊತೆಗಿಟ್ಟುಕೊಳ್ಳಿ. ಠಾಣೆಯಲ್ಲಿ ಓದಿ ಹೇಳಿದ ಮೇಲೆಯೇ ಸಹಿ ಹಾಕಿ.