‘ಡೋಂಟ್’ ಎಲ್ಲಿ, ‘ಡಸಂಟ್’ ಎಲ್ಲಿ?

ಇಂಗ್ಲಿಷ್ ಮಾತನಾಡುವಾಗ ನಮ್ಮಲ್ಲಿ ಹೆಚ್ಚು ಕೇಳಿಬರುವ ತಪ್ಪುಗಳಲ್ಲಿ ‘ಹಿ ಡೋಂಟ್ ನೋ’ ಒಂದು. ‘ಹಿ ಡಸಂಟ್ ನೋ’ ಎನ್ನಬೇಕೆಂದು ಹೈಸ್ಕೂಲಿನಲ್ಲೇ ಕಲಿತಿರುತ್ತೇವೆ. ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆಯುತ್ತೇವೆ. ಆದರೆ ಸಂದರ್ಶನದಲ್ಲೋ ಸೆಮಿನಾರಿನಲ್ಲೋ ವೇಗವಾಗಿ ಮಾತನಾಡುವಾಗ ಬಾಯಿಗೆ ‘ಡೋಂಟ್’ ಎಂದೇ ಬರುತ್ತದೆ. ಯಾರಾದರೂ ನಕ್ಕರೆ ಮುಂದಿನ ವಾಕ್ಯವೇ ಹೊರಡುವುದಿಲ್ಲ. ಈ ತಪ್ಪಿಗೆ ದಡ್ಡತನ ಕಾರಣವಲ್ಲ. ಕಾರಣ ನಾವು ದಿನವೂ ಆಡುವ ಕನ್ನಡದಲ್ಲಿದೆ.

ಮೊದಲು ಪದವನ್ನು ನೋಡೋಣ. ‘ಡು ನಾಟ್’ ಎಂಬ ಎರಡು ಪದ ಸೇರಿ ‘ಡೋಂಟ್’ ಆಗಿದೆ. ‘ಊರು’ ಮತ್ತು ‘ಅಲ್ಲಿ’ ಸೇರಿ ‘ಊರಲ್ಲಿ’ ಆಗುವಾಗ ಒಂದು ಸ್ವರ ಬಿಟ್ಟುಹೋಗುತ್ತದಲ್ಲವೇ? ನಮ್ಮ ಲೋಪಸಂಧಿಯಂತೆ ಇಲ್ಲಿಯೂ ‘ನಾಟ್’ನ ‘ಓ’ ಅಕ್ಷರ ಬಿದ್ದುಹೋಗಿದೆ. ಅಪಾಸ್ಟ್ರಫಿ ಆ ಖಾಲಿ ಜಾಗದ ಗುರುತು. ಆದ್ದರಿಂದ ಅದನ್ನು ‘ಎನ್’ ಮತ್ತು ‘ಟಿ’ ಅಕ್ಷರಗಳ ನಡುವೆಯೇ ಹಾಕಬೇಕು.

ಈಗ ಕನ್ನಡಕ್ಕೆ ಬನ್ನಿ. ನಾನು ಬರುತ್ತೇನೆ, ಅವನು ಬರುತ್ತಾನೆ, ಅವಳು ಬರುತ್ತಾಳೆ, ಅವರು ಬರುತ್ತಾರೆ. ಒಬ್ಬೊಬ್ಬರಿಗೂ ಕ್ರಿಯಾಪದದ ಕೊನೆ ಬೇರೆ. ಇದನ್ನೇ ನಿಷೇಧಕ್ಕೆ ತಿರುಗಿಸಿ: ನಾನು ಬರುವುದಿಲ್ಲ, ಅವನು ಬರುವುದಿಲ್ಲ, ಅವಳು ಬರುವುದಿಲ್ಲ, ಅವರು ಬರುವುದಿಲ್ಲ. ‘ಇಲ್ಲ’ ಬಂದ ಕೂಡಲೇ ವ್ಯತ್ಯಾಸವೆಲ್ಲ ಅಳಿಸಿಹೋಯಿತು. ಎಲ್ಲರಿಗೂ ಒಂದೇ ‘ಇಲ್ಲ’ ಬಳಸಿ ರೂಢಿಯಾದ ನಾಲಗೆ ಎಲ್ಲರಿಗೂ ಒಂದೇ ‘ಡೋಂಟ್’ ಬಳಸುತ್ತದೆ.

ಆದರೆ ನಿಷೇಧದಲ್ಲೂ ವ್ಯಕ್ತಿಯನ್ನು ಗುರುತಿಸುವ ಕ್ರಮ ನಮ್ಮ ನೆಲಕ್ಕೆ ಹೊಸದಲ್ಲ. ತುಳುವಿನಲ್ಲಿ ‘ಯಾನ್ ಪೋಪುಜಿ’ ಎಂದರೆ ನಾನು ಹೋಗುವುದಿಲ್ಲ. ಅವನಾದರೆ ‘ಆಯೆ ಪೋಪುಜೆ’, ಅವಳಾದರೆ ‘ಆಲ್ ಪೋಪುಜಲ್’. ಕಾಪು, ಕಾರ್ಕಳದ ಪೇಟೆಯಲ್ಲಿ ಇದನ್ನು ಯಾರೂ ತಪ್ಪಿ ಹೇಳುವುದಿಲ್ಲ. ಹಳೆಯ ಕನ್ನಡ ಕಾವ್ಯದಲ್ಲೂ ‘ನಾನು ಅರಿಯೆನು, ಅವನು ಅರಿಯನು, ಅವಳು ಅರಿಯಳು’ ಎಂಬ ರೂಪಗಳಿವೆ. ‘ಐ ಡೋಂಟ್ ನೋ’ ಎಂದರೆ ಅರಿಯೆನು, ‘ಹಿ ಡಸಂಟ್ ನೋ’ ಎಂದರೆ ಅರಿಯನು ಎಂದು ನೆನಪಿಟ್ಟುಕೊಂಡರೆ ಗೊಂದಲ ಕಡಿಮೆಯಾಗುತ್ತದೆ.

ನಿಯಮ ಇಷ್ಟೆ: ಹಿ, ಶಿ, ಇಟ್ ಅಥವಾ ಒಬ್ಬರ ಹೆಸರು ಬಂದರೆ ‘ಡಸಂಟ್’, ಐ, ಯು, ವಿ, ದೇ ಬಂದರೆ ‘ಡೋಂಟ್’. ‘ಹಿ ನೋಸ್’ ಎಂಬಲ್ಲಿ ಕ್ರಿಯಾಪದದ ಬಾಲದಲ್ಲಿದ್ದ ‘ಎಸ್’ ಈಗ ‘ಡಸ್’ಗೆ ಹೋಗಿದೆ. ಹಾಗಾಗಿ ‘ಹಿ ಡಸಂಟ್ ನೋಸ್’ ಎನ್ನಬಾರದು.

ಭೂತಕಾಲದಲ್ಲಿ ಕನ್ನಡವೇ ನಮಗೆ ಸಹಾಯಕ್ಕೆ ಬರುತ್ತದೆ. ಇಂಗ್ಲಿಷಿನಲ್ಲೂ ಅಲ್ಲಿ ಎಲ್ಲರಿಗೂ ಒಂದೇ ‘ಡಿಡಂಟ್’. ‘ಹೋದನು’ ಎಂಬುದರ ನಿಷೇಧ ‘ಹೋಗಲಿಲ್ಲ’, ‘ಹೋದಲಿಲ್ಲ’ ಅಲ್ಲ. ಹಾಗೆಯೇ ‘ವೆಂಟ್’ ಎಂಬುದರ ನಿಷೇಧ ‘ಡಿಡಂಟ್ ಗೋ’, ‘ಡಿಡಂಟ್ ವೆಂಟ್’ ಅಲ್ಲ.

ಬೇಡ ಎನ್ನುವ ಅರ್ಥದಲ್ಲಿ ಮಾತ್ರ ‘ಡೋಂಟ್’ ಬದಲಾಗುವುದಿಲ್ಲ. ಎದುರಿಗಿರುವವರು ಯಾರೇ ಆಗಲಿ ‘ಡೋಂಟ್ ಗೋ’ ಎನ್ನಬಹುದು. ದಖನಿ ಉರ್ದುವಿನ ‘ನಕ್ಕೋ’ ಕೂಡ ಇದೇ ಕೆಲಸ ಮಾಡುತ್ತದೆ.

ಇನ್ನೊಂದು ಕಡೆ ಮಾತ್ರ ಹೆಚ್ಚಿನ ಎಚ್ಚರ ಬೇಕು. ಮಣಿಪಾಲಕ್ಕೆ ಹೊರರಾಜ್ಯಗಳಿಂದ ಬಂದ ವೈದ್ಯರು ಅನೇಕರಿದ್ದಾರೆ. ಅಜ್ಜಿಯನ್ನು ಕರೆದುಕೊಂಡು ಹೋದಾಗ ವೈದ್ಯರು ‘ಶಿ ಡಸಂಟ್ ಹ್ಯಾವ್ ಎನಿ ಅಲರ್ಜಿ?’ ಎಂದು ಕೇಳಿದರೆನ್ನಿ. ಕನ್ನಡದಲ್ಲಿ ‘ಅಲರ್ಜಿ ಇಲ್ಲವಾ?’ ಎಂದರೆ ‘ಹೌದು, ಇಲ್ಲ’ ಎನ್ನುತ್ತೇವೆ. ಅದೇ ರೂಢಿಯಲ್ಲಿ ‘ಎಸ್’ ಎಂದಷ್ಟೇ ಹೇಳಿದರೆ ಅಲರ್ಜಿ ಇದೆ ಎಂದು ಅವರು ತಿಳಿಯಬಹುದು. ಪ್ರಶ್ನೆ ಹೇಗೇ ಇರಲಿ, ಇಲ್ಲದಿದ್ದರೆ ‘ನೋ, ಶಿ ಡಸಂಟ್’, ಇದ್ದರೆ ‘ಎಸ್, ಶಿ ಡಸ್’ ಎಂದು ಪೂರ್ತಿ ಹೇಳಿ. ಬರೀ ಎಸ್, ನೋ ಹೇಳಿ ನಿಲ್ಲಿಸಬೇಡಿ.

ಬರವಣಿಗೆಯಲ್ಲಿಯೂ ಒಂದು ಮಾತು ನೆನಪಿರಲಿ. ಗೆಳೆಯರಿಗೆ ಕಳಿಸುವ ಮೆಸೇಜಿನಲ್ಲಿ ‘ಡೋಂಟ್’ ಚೆನ್ನಾಗಿಯೇ ಒಪ್ಪುತ್ತದೆ. ಪ್ರಾಂಶುಪಾಲರಿಗೆ ಬರೆಯುವ ಅರ್ಜಿಯಲ್ಲಿ ‘ಡು ನಾಟ್’ ಎಂದು ಬಿಡಿಸಿ ಬರೆಯುವುದೇ ಕ್ರಮ.

‘ಹಿ ಡೋಂಟ್’ ಎಂದವರನ್ನು ಕಂಡು ನಗುವ ಮೊದಲು ಇದೂ ತಿಳಿದಿರಲಿ: 18ನೇ ಶತಮಾನದಲ್ಲಿ ಇಂಗ್ಲೆಂಡಿನ ಸುಶಿಕ್ಷಿತರೇ ಹಾಗೆ ಮಾತನಾಡುತ್ತಿದ್ದರು. ಅದು ತಪ್ಪೆಂದು ಗಟ್ಟಿಯಾದದ್ದು ಆಮೇಲೆ. ಇಂದಿನ ಪರೀಕ್ಷೆ, ಸಂದರ್ಶನಗಳಲ್ಲಿ ‘ಡಸಂಟ್’ ಬೇಕೇ ಬೇಕು. ಅದಕ್ಕಾಗಿ ದಿನಕ್ಕೆ ಐದು ವಾಕ್ಯಗಳನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ: ನನ್ನ ಅಣ್ಣನಿಗೆ ಏನು ಇಷ್ಟವಿಲ್ಲ, ನಮ್ಮ ಬಸ್ಸು ಎಲ್ಲಿ ನಿಲ್ಲುವುದಿಲ್ಲ, ಅಮ್ಮ ಏನನ್ನು ತಿನ್ನುವುದಿಲ್ಲ. ತಪ್ಪಿದರೆ ತಿದ್ದಿಕೊಳ್ಳಿ, ಮಾತು ನಿಲ್ಲಿಸಬೇಡಿ.