ಸಂಜೆ ಏಳು ಗಂಟೆಯ ಕರೆಂಟ್

ನಮ್ಮ ಅಮ್ಮಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಹಗಲೆಲ್ಲ ಮನೆಗೆಲಸ ಇರುವುದರಿಂದ ಅವರು ಮಿಷನ್ ಮುಂದೆ ಕೂರುವುದು ಮಗ್ರಿಬ್ ನಮಾಜ್ ಆದ ಮೇಲೆ. ಕಳೆದ ಬೇಸಿಗೆಯಲ್ಲಿ ಸರಿಯಾಗಿ ಅದೇ ಹೊತ್ತಿಗೆ ಕರೆಂಟ್ ಹೋಗುತ್ತಿತ್ತು. ಮದುವೆ ಸೀಸನ್ ಬೇರೆ. ಹೇಳಿದ ದಿನಕ್ಕೆ ಬ್ಲೌಸ್ ಕೊಡಲಾಗದೆ ಎರಡು ಆರ್ಡರ್ ಕೈತಪ್ಪಿದವು. "ಮಧ್ಯಾಹ್ನ ಇಷ್ಟು ಬಿಸಿಲಿರುತ್ತದೆ, ಎಲ್ಲ ಕಡೆ ಸೋಲಾರ್ ಅಂತೀರಿ, ಸಂಜೆ ಯಾಕೆ ಇರುವುದಿಲ್ಲ?" ಎಂದು ಅಮ್ಮಿ ಕೇಳಿದರು. ಕಾಮರ್ಸ್ ಓದುವ ನನಗೆ ಉತ್ತರ ಗೊತ್ತಿರಲಿಲ್ಲ.

ಒಂದು ಬೀದಿಯ ಕರೆಂಟ್ ಹೋಗಲು ತಂತಿಯೋ ಟ್ರಾನ್ಸ್‌ಫಾರ್ಮರೋ ಕಾರಣವಿರಬಹುದು. ಆದರೆ ಅಮ್ಮಿಯ ಪ್ರಶ್ನೆ ಇಡೀ ದೇಶದ ಪ್ರಶ್ನೆಯೂ ಹೌದು. ಅದಕ್ಕೆ ಉತ್ತರ ಹುಡುಕಬೇಕಾದವರಲ್ಲಿ ಮುಖ್ಯವಾದದ್ದು ದೆಹಲಿಯಲ್ಲಿರುವ ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಸಿಇಆರ್‌ಸಿ.

ಇದು ಯಾವ ಆಯೋಗ?

1998ರಲ್ಲಿ ಸ್ಥಾಪನೆಯಾದ ಈ ಆಯೋಗ ಈಗ 2003ರ ವಿದ್ಯುಚ್ಛಕ್ತಿ ಕಾಯ್ದೆಯ ಪ್ರಕಾರ ಕೆಲಸ ಮಾಡುತ್ತದೆ. ಇದು ಒಂದು ಯೂನಿಟ್ ಕರೆಂಟನ್ನೂ ಉತ್ಪಾದಿಸುವುದಿಲ್ಲ, ಮಾರುವುದೂ ಇಲ್ಲ. ಕ್ರಿಕೆಟ್‌ನ ಅಂಪೈರ್ ಇದ್ದಂತೆ. ಕೇಂದ್ರ ಸರ್ಕಾರದ ವಿದ್ಯುತ್ ಸ್ಥಾವರಗಳ ದರ, ರಾಜ್ಯದಿಂದ ರಾಜ್ಯಕ್ಕೆ ಹೋಗುವ ದೊಡ್ಡ ಲೈನ್‌ಗಳ ಶುಲ್ಕ, ಗ್ರಿಡ್‌ನ ನಿಯಮ, ವಿದ್ಯುತ್ ಮಾರುಕಟ್ಟೆ ಇವೆಲ್ಲ ಇದರ ಕೈಯಲ್ಲಿವೆ. ನಮ್ಮ ಮನೆ, ಅಂಗಡಿಗಳ ದರ ನಿಗದಿ ಮಾಡುವುದು ಮಾತ್ರ ರಾಜ್ಯದ ಆಯೋಗವಾದ ಕೆಇಆರ್‌ಸಿ.

ಹಾಗಾದರೆ ದೆಹಲಿಯ ನಿಯಮ ನಮ್ಮ ಮನೆಗೆ ಹೇಗೆ ತಟ್ಟುತ್ತದೆ? 2012ರ ಜುಲೈ 31ರಂದು ಉತ್ತರ, ಪೂರ್ವ ಮತ್ತು ಈಶಾನ್ಯ ಭಾರತದ ಗ್ರಿಡ್‌ಗಳು ಕುಸಿದು ಸುಮಾರು 60 ಕೋಟಿ ಜನರಿಗೆ ಕರೆಂಟ್ ಇಲ್ಲವಾಯಿತು. ಕೆಲವು ರಾಜ್ಯಗಳು ತಮ್ಮ ಪಾಲಿಗಿಂತ ಹೆಚ್ಚು ಎಳೆದುಕೊಂಡದ್ದೂ ಒಂದು ಕಾರಣ. ಆಗ ದಕ್ಷಿಣದ ಗ್ರಿಡ್ ಬೇರೆಯಾಗಿದ್ದರಿಂದ ನಾವು ಪಾರಾದೆವು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕಿಲೋವೋಲ್ಟ್ ಲೈನ್ ಜೋಡಣೆಯಾದ ಮೇಲೆ ಇಡೀ ದೇಶ ಒಂದೇ ಗ್ರಿಡ್ ಆಗಿದೆ. ಈಗ ಲಾಭವೂ ಒಟ್ಟಿಗೆ, ಅಪಾಯವೂ ಒಟ್ಟಿಗೆ.

ಮುಂದಿನ ವರ್ಷಗಳ ಕೆಲಸ

2030ರ ಹೊತ್ತಿಗೆ ಪಳೆಯುಳಿಕೆ ಇಂಧನವಲ್ಲದ ಮೂಲಗಳಿಂದ 500 ಗಿಗಾವ್ಯಾಟ್ ಸಾಮರ್ಥ್ಯ ಸಾಧಿಸುವುದು ದೇಶದ ಗುರಿ. ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲೇ 2050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಆದರೆ ಸೂರ್ಯ ಮುಳುಗಿದ ಕೂಡಲೇ ಅದು ಸೊನ್ನೆ. ಮನೆಗಳಲ್ಲಿ ದೀಪ, ಫ್ಯಾನ್, ಟಿವಿ ಶುರುವಾಗುವುದು ಅದೇ ಹೊತ್ತಿಗೆ. ಅಮ್ಮಿಯ ಪ್ರಶ್ನೆಗೆ ಉತ್ತರ ಇದೇ. ಆದ್ದರಿಂದ ಆಯೋಗ ಮೂರು ಕೆಲಸಗಳಿಗೆ ಮೊದಲ ಸ್ಥಾನ ಕೊಡಬೇಕು ಎಂದು ನನಗೆ ಅನ್ನಿಸುತ್ತದೆ.

ಮೊದಲನೆಯದು, ಸಂಗ್ರಹ. ಮಧ್ಯಾಹ್ನದ ಕರೆಂಟನ್ನು ಬ್ಯಾಟರಿಯಲ್ಲಿ ಇಡಬಹುದು, ಅಥವಾ ಆ ಕರೆಂಟಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಪಂಪ್ ಮಾಡಿ ಸಂಜೆ ಕೆಳಗೆ ಬಿಡಬಹುದು. ಶರಾವತಿ ಕಣಿವೆಯಲ್ಲಿ ಇಂಥ 2000 ಮೆಗಾವ್ಯಾಟ್ ಯೋಜನೆಯ ಪ್ರಸ್ತಾಪವಿದೆ. ಕಾಡು ಹಾಳಾಗುತ್ತದೆ ಎಂಬ ವಿರೋಧವೂ ಇದೆ. ಸಂಗ್ರಹ ಮಾಡುವವರಿಗೆ ಎಷ್ಟು ಹಣ ಸಿಗಬೇಕು, ಯಾರು ಕೊಡಬೇಕು ಎಂಬ ನಿಯಮ ಸ್ಪಷ್ಟವಾಗಿದ್ದರೆ ಮಾತ್ರ ಬಂಡವಾಳ ಬರುತ್ತದೆ.

ಎರಡನೆಯದು, ಶಿಸ್ತು. ಗ್ರಿಡ್‌ನ ಫ್ರೀಕ್ವೆನ್ಸಿ 50 ಹರ್ಟ್ಜ್ ಹತ್ತಿರವೇ ಇರಬೇಕು. ಇದಕ್ಕಾಗಿ ದಿನವನ್ನು 15 ನಿಮಿಷಗಳ 96 ಭಾಗ ಮಾಡಿ, ಪ್ರತಿ ಭಾಗದಲ್ಲೂ ಎಷ್ಟು ಕೊಡುತ್ತೇವೆ, ಎಷ್ಟು ತೆಗೆದುಕೊಳ್ಳುತ್ತೇವೆ ಎಂದು ಮೊದಲೇ ಹೇಳಬೇಕು. ಮಾತು ತಪ್ಪಿದವರು ಶುಲ್ಕ ಕಟ್ಟಬೇಕು. ಮೋಡ, ಗಾಳಿಯನ್ನು ನಂಬಿದ ಕರೆಂಟ್ ಹೆಚ್ಚಾದಷ್ಟೂ ಈ ಲೆಕ್ಕ ಕಷ್ಟವಾಗುತ್ತದೆ. ಶುಲ್ಕ ತೀರಾ ಹೆಚ್ಚಾದರೆ ಸೋಲಾರ್ ಕಂಪನಿಗಳಿಗೆ ನಷ್ಟ, ತೀರಾ ಕಡಿಮೆಯಾದರೆ ಗ್ರಿಡ್‌ಗೆ ಅಪಾಯ.

ಮೂರನೆಯದು, ನ್ಯಾಯವಾದ ಬೆಲೆ. ಇದು ನಮ್ಮ ಪಾಠಕ್ಕೆ ಹತ್ತಿರವಾದ ವಿಷಯ. ಆಯೋಗದ 2024–29ರ ದರ ನಿಯಮದಲ್ಲಿ ಸಾಲ ಮತ್ತು ಸ್ವಂತ ಬಂಡವಾಳದ ಪ್ರಮಾಣ 70:30. ಉಷ್ಣ ಸ್ಥಾವರದ ಸ್ವಂತ ಬಂಡವಾಳಕ್ಕೆ ಶೇ 15.5 ಪ್ರತಿಫಲ. ಅಂದರೆ 100 ರೂಪಾಯಿ ಹೂಡಿಕೆಯಲ್ಲಿ 30 ರೂಪಾಯಿಗೆ ವರ್ಷಕ್ಕೆ 4 ರೂಪಾಯಿ 65 ಪೈಸೆ. ಇದು ಸ್ಥಿರ ವೆಚ್ಚದಲ್ಲಿ ಸೇರುತ್ತದೆ. ಕಲ್ಲಿದ್ದಲು ಬದಲಾಗುವ ವೆಚ್ಚ. ಇದಲ್ಲದೆ ಷೇರು ಪೇಟೆಯಂತೆ ವಿದ್ಯುತ್ ವಿನಿಮಯ ಕೇಂದ್ರಗಳೂ ಇವೆ. ಅಲ್ಲಿ ಬಿಸಿಲಿನ ಹೊತ್ತು ದರ ಇಳಿಯುತ್ತದೆ, ಸಂಜೆ ಏರುತ್ತದೆ. ಆಯೋಗ 2022ರಲ್ಲಿ ಯೂನಿಟ್‌ಗೆ 12 ರೂಪಾಯಿ, 2023ರಲ್ಲಿ 10 ರೂಪಾಯಿ ಎಂದು ಗರಿಷ್ಠ ಮಿತಿ ಹಾಕಿತು. ಹೀಗೆ ಕೊಂಡ ಕರೆಂಟಿನ ವೆಚ್ಚದ ಏರಿಳಿತವೇ ನಮ್ಮ ಬಿಲ್‌ನಲ್ಲಿ 'ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚ ಹೊಂದಾಣಿಕೆ' ಎಂಬ ಸಾಲಾಗಿ ಬರುತ್ತದೆ.

ನಮಗೇನು ಕೆಲಸ?

ಕಾಯ್ದೆಯ ಪ್ರಕಾರ ಆಯೋಗ ಯಾವ ನಿಯಮ ಮಾಡುವ ಮೊದಲೂ ಅದರ ಕರಡನ್ನು ಪ್ರಕಟಿಸಬೇಕು. ಅಭಿಪ್ರಾಯ ಯಾರು ಬೇಕಾದರೂ ಕಳಿಸಬಹುದು. ಆದರೆ ಕಂಪನಿಗಳಿಗೆ ವಕೀಲರಿದ್ದಾರೆ, ಲೆಕ್ಕಿಗರಿದ್ದಾರೆ. ಹೊಲಿಯುವವರಿಗೆ, ವೆಲ್ಡಿಂಗ್ ಅಂಗಡಿಯವರಿಗೆ ಯಾರಿದ್ದಾರೆ? ಬ್ಯಾಲೆನ್ಸ್ ಶೀಟ್ ಓದಲು ಕಲಿಯುತ್ತಿರುವ ನಾವು ಮೊದಲು ಮನೆಯ ಕರೆಂಟ್ ಬಿಲ್ ಓದಲು ಕಲಿಯೋಣ. ಕೆಇಆರ್‌ಸಿ ದರದ ಬಗ್ಗೆ ಸಾರ್ವಜನಿಕ ವಿಚಾರಣೆ ನಡೆಸಿದಾಗ ಹೋಗಿ ಕೇಳೋಣ.

ಇದನ್ನೆಲ್ಲ ಅಮ್ಮಿಗೆ ಉರ್ದುವಿನಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅವರಿಗೆ ಬರೆಯುವಾಗ ನನ್ನ ಎರಡು ಆರ್ಡರ್ ವಿಷಯವನ್ನೂ ಬರಿ" ಎಂದರು. ಖಂಡಿತ ಬರೆಯುತ್ತೇನೆ.